ಬೇರಿಂಗ್‌ನ ಬಲಗಿವಿ

ಅವನು ಅವಳ ಮುಖದಿಂದ ಕಣ್ಣು ಕೀಳಲೇ ಇಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯಲ್ಲಿ ಕಿವಿ ಪರೀಕ್ಷೆಯ ಕೋಣೆ. ಅದರೊಳಗೆ ಇನ್ನೊಂದು ಪುಟ್ಟ ಕೋಣೆ: ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ಒಂದೇ ಒಂದು ಗಾಜಿನ ಕಿಟಕಿ. ಒಳಗೆ ಕೂತವರು ಹೆಡ್‌ಫೋನ್ ಹಾಕಿಕೊಂಡು, ಬೀಪ್ ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಗಾಜಿನ ಈಚೆ ಕೂತು ಬೀಪ್ ಕಳಿಸುವುದು ಅವಳ ಕೆಲಸ. ಏಳು ವರ್ಷದಿಂದ ಅದೇ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬೀಪ್ ಮೇಡಂ ಎಂದೇ ಕರೆಯುತ್ತಿದ್ದರು.

"ಏನು ಕೆಲಸ ನಿಮ್ದು?" ಎಂದು ಅವಳು ಫಾರಂ ತುಂಬುತ್ತ ಕೇಳಿದಳು. ಅವನು ಉತ್ತರಿಸಲಿಲ್ಲ. ತಲೆಯೆತ್ತಿ ಮತ್ತೆ ಕೇಳಿದಳು.

"ಮಿಲ್‌ನಲ್ಲಿ ಮೋಟರ್ ನೋಡ್ಕೊಳ್ಳೋದು. ಫಿಟ್‌ನೆಸ್ ಸರ್ಟಿಫಿಕೇಟ್ ತಗೊಂಡು ಬಾ ಅಂದಿದ್ದಾರೆ."

"ನೋಡ್ಕೊಳ್ಳೋದು ಅಂದ್ರೆ?"

"ಉದ್ದದ ಸ್ಕ್ರೂಡ್ರೈವರ್ ಇರುತ್ತಲ್ಲ, ಅದರ ತುದಿ ಓಡ್ತಿರೋ ಮೋಟರ್ ಮೈಗೆ, ಹಿಡಿ ನನ್ನ ಕಿವಿ ಹಿಂದಿನ ಮೂಳೆಗೆ. ಯಾವ ಬೇರಿಂಗ್ ಹೋಗ್ತಿದೆ, ಎಷ್ಟು ದಿನ ತಡೆಯುತ್ತೆ, ಅಲ್ಲೇ ಹೇಳ್ಬಿಡ್ತೀನಿ. ಅದಕ್ಕೇ ಎಲ್ರೂ ಬೇರಿಂಗ್ ಅಂತ ಕರೀತಾರೆ."

"ಚೀಟೀಲಿ ಬೇರೆ ಹೆಸರಿದೆ."

"ಅದನ್ನ ಕೂಗಿದ್ರೆ ನಾನೇ ತಿರುಗಿ ನೋಡಲ್ಲ ಮೇಡಂ."

ಅವಳು ನಕ್ಕಳು. ಅವನ ಮೈಯಿಂದ ಸೆಂಟಿನ ವಾಸನೆ ಘಮ್ಮೆಂದಿತು. ಸರ್ಟಿಫಿಕೇಟಿಗೆ ಬಂದವನು ಇಷ್ಟೊಂದು ಸೆಂಟು ಯಾಕೆ ಸುರಿದುಕೊಂಡ ಎಂದು ಅವಳಿಗೆ ತಮಾಷೆಯೆನಿಸಿತು.

ಪರೀಕ್ಷೆಗೆ ಕೂರಿಸಲು ಒಂದು ನಿಯಮವಿದೆ. ಕುರ್ಚಿ ಗಾಜಿಗೆ ಅಡ್ಡವಾಗಿರಬೇಕು; ಬೀಪ್ ಕಳಿಸುವವರ ಕೈ, ಮುಖ ಒಳಗಿನವರಿಗೆ ಕಾಣಬಾರದು. ಒಳಗಿದ್ದ ಮರದ ಕುರ್ಚಿಯ ಕಾಲು ಮುರಿದು, ಆ ವಾರ ಯಾರೋ ಆಫೀಸಿನ ತಿರುಗುವ ಕುರ್ಚಿ ತಂದಿಟ್ಟಿದ್ದರು. ಅವನು ಕೂತವನೇ ಕಾಲಿನಿಂದ ನೆಲ ಒದ್ದು ಸರ್ರನೆ ಅವಳ ಕಡೆಗೆ ತಿರುಗಿದ. "ಆ ಕಡೆ ತಿರುಗಿ" ಅನ್ನಬೇಕಿತ್ತು. ಅವಳು ಅನ್ನಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಗಂಡಸೂ ಅವಳನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ನೋಡಿರಲಿಲ್ಲ. ನೋಡಿದರೆ ನೋಡಲಿ ಅಂದುಕೊಂಡಳು.

ಚಾರ್ಟ್ ಪರವಾಗಿಲ್ಲ ಎನ್ನುವಂತೆ ಬಂತು. ಎರಡೂ ಕಿವಿಯಲ್ಲಿ ಸ್ವಲ್ಪವೇ ಕಡಿಮೆ, ಇಪ್ಪತ್ತೈದು ಡೆಸಿಬೆಲ್ ಆಸುಪಾಸು; ಈ ಅಂಕಿ ಏರಿದಷ್ಟೂ ಕಿವಿ ಮಂದ. ಡ್ಯೂಟಿ ಡಾಕ್ಟರು ಕಿವಿಗೆ ಲೈಟು ಬಿಟ್ಟು, ಬಲಗಿವಿಯೊಳಗೆ ಪೊರೆಯ ಮೇಲ್ಭಾಗದಲ್ಲಿದ್ದ ಹೆಕ್ಕಳೆಯನ್ನು ಗುಗ್ಗೆ ಎಂದು ಬರೆದು, ಆರು ತಿಂಗಳು ಬಿಟ್ಟು ಬನ್ನಿ ಎಂದು ಸಹಿ ಹಾಕಿದರು.

ಅವನು ಆರು ತಿಂಗಳು ಕಾಯಲಿಲ್ಲ. ಮುಂದಿನ ಗುರುವಾರವೇ ಬಂದ.

ಗುರುವಾರ ಮಿಲ್‌ಗೆ ರಜೆ. ಮೊದಲ ವಾರ ಸರ್ಟಿಫಿಕೇಟಿನ ಮೇಲೆ ಸೀಲು ಸರಿಯಾಗಿ ಬಿದ್ದಿಲ್ಲ ಎಂದ. ಎರಡನೇ ವಾರ ನಿಮ್ಮ ಫ್ಯಾನು ಸದ್ದು ಮಾಡ್ತಿತ್ತಲ್ಲ, ನೋಡೋಣ ಅಂತ ಬಂದೆ ಎಂದ. ಫ್ಯಾನು ಸದ್ದು ಮಾಡುತ್ತಿರಲಿಲ್ಲ. ಆದರೂ ಸ್ಟೂಲು ಹತ್ತಿ, ಸ್ಕ್ರೂಡ್ರೈವರ್ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೇಳಿ, "ಇನ್ನು ಎರಡು ತಿಂಗಳು" ಎಂದು ಘೋಷಿಸಿದ. ಮೂರನೇ ವಾರ ನೆಪ ಮರೆತು ಬಂದ.

"ಈ ವಾರ ಏನು ಕೆಟ್ಟಿದೆ ಬೇರಿಂಗ್ ಸಾಹೇಬ್ರೆ?"

"ನನ್ನ ತಲೆ" ಎಂದ.

ಹಿಂಬದಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಟೀ ಕುಡಿಯುತ್ತಿದ್ದರು. ಅವನು ಯಾವಾಗಲೂ ಎರಡು ಮೆಟ್ಟಿಲು ಕೆಳಗೆ, ಅವಳಿಗೆ ಎದುರಾಗಿ ಕೂರುತ್ತಿದ್ದ. ಅವಳ ಮುಖದ ಮೇಲೆ ಕಿಟಕಿಯ ಬೆಳಕು ಬೀಳಬೇಕು. ಮೋಡ ಮುಸುಕಿದರೆ "ಈ ಕಡೆ ಬನ್ನಿ, ಇಲ್ಲಿ ಬೆಳಕಿದೆ" ಎನ್ನುತ್ತಿದ್ದ. ಅವಳು ಲೋಟ ತುಟಿಗಿಟ್ಟು ಮಾತಾಡಿದರೆ, ಲೋಟ ಇಳಿಸುವವರೆಗೆ ಕಾದು ನಗುತ್ತಿದ್ದ. ಅವಳು ಸಂಕೋಚದಿಂದ ಮುಖ ತಿರುಗಿಸಿದರೆ, ಅವನೂ ಬಾಗಿ ಆ ಮುಖದ ಹಿಂದೆಯೇ ಬರುತ್ತಿದ್ದ.

"ಹಾಗೆ ನೋಡ್ಬೇಡಿ, ಮಾತು ಮರೆತುಹೋಗುತ್ತೆ."

"ನೋಡದಿದ್ರೆ ನಂಗೆ ಮಾತೇ ಇಲ್ಲ" ಎಂದ ಅವನು. ಅಪ್ಪಟ ನಿಜ ಹೇಳಿದ್ದ. ಅವಳು ಅದನ್ನು ಮನೆಗೆ ಒಯ್ದು, ತಟ್ಟೆ ತೊಳೆಯುತ್ತ, ದಿಂಬಿನ ಕವರು ಹಾಕುತ್ತ ನೂರು ಸಲ ಮೆಲುಕು ಹಾಕಿದಳು.

ಹೀಗೆ ಐದು ತಿಂಗಳು.

ಒಂದು ಗುರುವಾರ ಅವಳಿಗೆ ನೆಗಡಿ. ಮಾಸ್ಕ್ ಹಾಕಿಕೊಂಡಿದ್ದಳು. ಅವನು ಮೆಟ್ಟಿಲ ಮೇಲೆ ಚಡಪಡಿಸಿದ. "ಅದನ್ನ ತೆಗೀಬಾರ್ದಾ? ಮುಖ ಕಾಣಲ್ಲ."

"ನಿಮಗೂ ನೆಗಡಿ ಬರುತ್ತೆ."

ಮಾಸ್ಕಿನ ಹಿಂದೆ ಒಂದು ಧೈರ್ಯವಿರುತ್ತದೆ. ಐದು ತಿಂಗಳಿಂದ ಗಂಟಲಲ್ಲಿ ಕೂತಿದ್ದನ್ನು ಅವಳು ಅವತ್ತು ಹೇಳಿಬಿಟ್ಟಳು. "ನೀವು ಬರದ ಗುರುವಾರ ನಂಗೆ ಟೀ ಸೇರಲ್ಲ. ನಂಗೆ ನೀವು ಬೇಕು. ಇಷ್ಟೇ ವಿಷಯ."

ಅವನು ಅವಳ ಮಾಸ್ಕನ್ನೇ ನೋಡಿದ. ಅರೆ ಕ್ಷಣ ತಡವಾಗಿ ತಲೆಯಾಡಿಸಿದ. ಆಮೇಲೆ ನಗುತ್ತ, "ಹೌದ್ಹೌದು, ಇವತ್ತು ಸೆಕೆ ಜಾಸ್ತೀನೇ" ಎಂದ.

ಹೆಣ್ಣು ಅಳುವ ಮೊದಲೇ ಅವಳೊಳಗಿನ ಬೀಪ್ ಮೇಡಂ ಎದ್ದು ಕೂತಳು. ಆ ಅರೆ ಕ್ಷಣ, ಆ ನಗು, ಊಹೆಯ ಮೇಲೆ ಎಸೆದ ಆ ಉತ್ತರ! ಇಂಥವರನ್ನು ಅವಳು ದಿನಕ್ಕೆ ಹತ್ತು ಜನ ನೋಡುತ್ತಾಳೆ. ಎದ್ದು ಅವನ ಬೆನ್ನ ಹಿಂದಕ್ಕೆ ಹೋಗಿ ನಿಂತು, ಮಾಮೂಲಿ ಧ್ವನಿಯಲ್ಲಿ ಹೇಳಿದಳು: "ನಿಮ್ಮ ಶರ್ಟಿಗೆ ಬೆಂಕಿ ಬಿದ್ದಿದೆ."

ಅವನು ಆರಾಮಾಗಿ ಟೀ ಹೀರಿದ.

ಅವಳು ಮಾಸ್ಕ್ ಇಳಿಸಿ ಎದುರಿಗೆ ಬಂದಳು. "ಮೇಲೆ ಬನ್ನಿ. ಈಗಲೇ."

ಈ ಸಲ ಕುರ್ಚಿಯನ್ನು ಅವಳೇ ಗೋಡೆಗೆ ತಿರುಗಿಸಿದಳು. ಅವನ ಬೆನ್ನು ಗಾಜಿಗೆ. ಬಲಗಿವಿ ಐವತ್ತೆಂಟು. ಎಡಗಿವಿ ಐವತ್ತು. ಪಕ್ಕದಲ್ಲಿ ಕೂತು ಮಾತಾಡಿದರೂ ಅರ್ಧ ಕೇಳಿಸದ ಕಿವಿಗಳು. ಆಮೇಲೆ ಕಿವಿಯ ಹಿಂದಿನ ಮೂಳೆಗೆ, ಅವನು ಸ್ಕ್ರೂಡ್ರೈವರ್ ಒತ್ತುವ ಜಾಗಕ್ಕೇ, ಅಲುಗುವ ಪುಟ್ಟ ಬಿಲ್ಲೆಯನ್ನು ಕೂರಿಸಿ ಬೀಪ್ ಕಳಿಸಿದಳು. ಅತ್ಯಂತ ಸಣ್ಣ ಬೀಪಿಗೂ ಗುಂಡಿ ಒತ್ತಿದ. ಚಾರ್ಟಿನಲ್ಲಿ ಮೂಳೆಯಿಂದ ಕೇಳಿದ್ದರ ಗೆರೆ ಮೇಲೆ, ಹೆಡ್‌ಫೋನಿನ ಗಾಳಿಯಿಂದ ಕೇಳಿದ್ದರ ಗೆರೆ ಪಾತಾಳದಲ್ಲಿ. ನರ ಗಟ್ಟಿಮುಟ್ಟಾಗಿದೆ, ಪೊರೆಗೂ ನರಕ್ಕೂ ನಡುವೆ ಏನೋ ಕಡಿದುಹೋಗಿದೆ.

ಬಿಲ್ಲೆ ತೆಗೆಯುವ ಮೊದಲು ಮೈಕ್ ಒತ್ತಿ, "ಕೇಳಿಸ್ತಿದೆಯಾ?" ಎಂದಳು.

ಅವನ ಬೆನ್ನು ನೆಟ್ಟಗಾಯಿತು. ತಿರುಗಲಿಲ್ಲ. "ಇದು ನಿಮ್ಮ ಧ್ವನಿಯಾ?"

"ಮತ್ತಿನ್ಯಾರದ್ದು?"

"ಇಷ್ಟು ದಪ್ಪ ಇದೆ ಅಂತ ಗೊತ್ತಿರ್ಲಿಲ್ಲ" ಎಂದ. ಬಿಲ್ಲೆಯನ್ನು ಬೆರಳಿನಿಂದ ಮೂಳೆಗೆ ಒತ್ತಿಕೊಂಡು, "ಇನ್ನೊಂಚೂರು ಮಾತಾಡಿ" ಎಂದ.

ಅವಳು ಮೈಕ್ ಬಿಟ್ಟಳು. ಎದ್ದು ಹೋಗಿ ಬಾಗಿಲು ತೆರೆದು, ಬಿಲ್ಲೆ ತೆಗೆದು, ಅವನ ಎದುರಿಗೆ ನಿಂತಳು. "ಮೊದಲ ಸಲ ಹೇಗೆ ಮಾಡಿದ್ರಿ?"

ಅವನು ನೆಲ ನೋಡಿದ. "ಬೀಪ್ ಒತ್ತೋ ಮುಂಚೆ ನೀವು ಕೆಳದುಟಿ ಕಚ್ತೀರ. ಪ್ರತಿ ಸಲ."

ಅವಳ ಕೈ ತಾನಾಗಿ ತುಟಿಗೆ ಹೋಯಿತು. "ಅಂದ್ರೆ ಇಷ್ಟು ದಿನ ನೀವು ನನ್ನ ನೋಡ್ತಿದ್ದದ್ದಲ್ಲ. ಕೇಳ್ತಿದ್ದದ್ದು."

"ಎರಡಕ್ಕೂ ವ್ಯತ್ಯಾಸ ಏನು ಅಂತ ನಂಗೆ ಗೊತ್ತಿಲ್ಲ. ಚಿಕ್ಕಂದಿನಿಂದ ನಂಗೆ ಎರಡೂ ಒಂದೇ."

"ನಂಗೆ ಗೊತ್ತಿದೆ" ಎಂದಳು. ಧ್ವನಿ ಸೀಳಿತು. ಅದು ಅವನಿಗೆ ಕೇಳಿಸಲಿಲ್ಲ ಎಂಬುದೊಂದೇ ಸಮಾಧಾನ. "ಈ ಚಾರ್ಟನ್ನ ದೊಡ್ಡ ಮೇಡಂಗೆ ತೋರಿಸ್ಬೇಕು."

"ತೋರಿಸ್ಬೇಡಿ. ಕೆಲಸ ಹೋಗುತ್ತೆ."

"ತೋರಿಸದಿದ್ರೆ ಕಿವಿ ಹೋಗುತ್ತೆ."

"ಕಿವಿ ಯಾವಾಗ್ಲೋ ಹೋಗಿದೆ. ಕೆಲಸ ಇನ್ನೂ ಇದೆ" ಎಂದ ಅವನು.

ಅವಳು ತೋರಿಸಿದಳು.

ಕಿವಿ ವಿಭಾಗದ ಮುಖ್ಯ ಡಾಕ್ಟರಾದ ದೊಡ್ಡ ಮೇಡಂ ಮೈಕ್ರೋಸ್ಕೋಪಿನ ಕೆಳಗೆ ಆ ಹೆಕ್ಕಳೆಯನ್ನು ಎಬ್ಬಿಸಿದರು. ಅದು ಗುಗ್ಗೆಯಾಗಿರಲಿಲ್ಲ. ಕೆಳಗೊಂದು ತೂತು, ತೂತಿನಲ್ಲಿ ಮುತ್ತಿನಂತೆ ಬೆಳ್ಳಗಿನ ಚರ್ಮದ ಗಂಟು. ಕೊಳೆತ ವಾಸನೆ ಕೋಣೆಗೆಲ್ಲ ಹಬ್ಬಿತು. ಅವನು ಕಿವಿಯವರೆಗೂ ಕೆಂಪಾದ. ಸೆಂಟು ಯಾಕೆ ಎಂಬುದೂ ಅವಳಿಗೆ ಅವತ್ತು ತಿಳಿಯಿತು. ಅದೂ ತನಗಾಗಿ ಅಲ್ಲ.

ಸ್ಕ್ಯಾನ್ ಬಂದ ಮೇಲೆ ಮೇಡಂ ಅವನನ್ನು ಎದುರು ಕೂರಿಸಿಕೊಂಡು ನಿಧಾನವಾಗಿ, ಮುಖ ತೋರಿಸಿ ಹೇಳಿದರು. "ಕಿವಿಯೊಳಗೆ ಮೂರು ಚಿಕ್ಕ ಮೂಳೆ ಇರುತ್ತೆ. ಸುತ್ತಿಗೆ, ಅಡಿಗಲ್ಲು, ರಿಕಾಪು, ಅಂದ್ರೆ ಕುದುರೆ ಜೀನಿನ ಕಾಲ್ಮೆಟ್ಟಿನ ಥರದ್ದು. ಒಂದು ಇನ್ನೊಂದನ್ನ ತಳ್ಳಿ ಸದ್ದನ್ನ ಒಳಗೆ ಸಾಗಿಸುತ್ತೆ. ನಿಮ್ಮ ಎರಡೂ ಕಿವಿ ವರ್ಷಗಟ್ಟಲೆ ಸೋರಿದೆ. ಬಲಗಿವೀಲಿ ಬೆಳೀಬಾರದ ಕಡೆ ಚರ್ಮ ಬೆಳೆದು ಮೂಳೆ ತಿನ್ನುತ್ತಿದೆ. ಅಡಿಗಲ್ಲಿನ ಕಾಲು ಪೂರ್ತಿ ಹೋಗಿದೆ."

"ಕಿವಿಯೊಳಗೇ ವರ್ಕ್‌ಶಾಪ್ ಇಟ್ಕೊಂಡು ಓಡಾಡ್ತಿದ್ನಾ ನಾನು?"

"ನಗಬೇಡಿ. ಹೀಗೇ ಬಿಟ್ರೆ ಅದು ಮುಖದ ನರಕ್ಕೆ ಹೋಗುತ್ತೆ, ಒಳಗಿವಿಗೆ ಹೋಗುತ್ತೆ, ಮೆದುಳಿಗೂ ಹೋಗ್ಬಹುದು. ಆಪರೇಷನ್ ಆಗ್ಬೇಕು. ಕಿವಿ ಹಿಂದಿನ ಮೂಳೆ ಕೊರೆದು ಎಲ್ಲ ತೆಗೀತೀವಿ. ಆಮೇಲೆ ಹೋದ ಮೂಳೆ ಜಾಗದಲ್ಲಿ ಟೈಟಾನಿಯಂನ ಪುಟ್ಟ ಕಂಬ ನಿಲ್ಲಿಸ್ತೀವಿ."

ಅವನ ಕೈ ಕಿವಿಯ ಹಿಂದಕ್ಕೆ ಹೋಯಿತು. "ಈ ಮೂಳೆನಾ? ಇದು ನನ್ನ ಅನ್ನ ಮೇಡಂ."

"ನೀವು ಕೇಳೋದು ಮೂಳೆಯಿಂದ ಅಲ್ಲ, ಒಳಗಿರೋ ನರದಿಂದ. ಅದು ಉಳಿದ್ರೆ ಹಲ್ಲಲ್ಲಿ ಸ್ಕ್ರೂಡ್ರೈವರ್ ಕಚ್ಕೊಂಡ್ರೂ ಕೇಳುತ್ತೆ."

"ಉಳಿಯುತ್ತಾ?"

"ನೂರಕ್ಕೆ ಒಬ್ರಲ್ಲಿ ಉಳಿಯಲ್ಲ. ಸುಳ್ಳು ಹೇಳಲ್ಲ ನಾನು."

ಅವನು ಎದ್ದು ಹೋದ. ಬಾಗಿಲ ಬಳಿ ನಿಂತಿದ್ದ ಅವಳನ್ನು ನೋಡಲಿಲ್ಲ. ಮೊದಲ ಸಲ.

ಮೇಡಂ ಹಳೆಯ ಚಾರ್ಟನ್ನು ಬೆರಳಿನಿಂದ ತಟ್ಟಿದರು. "ಏಳು ವರ್ಷದ ಸರ್ವಿಸ್ ನಿಂದು. ಕುರ್ಚಿ ಸರಿಯಿರಲಿಲ್ಲ ಅಂತ ಬರೀಲಾ?"

"ಬೇಡ ಮೇಡಂ. ನಾನು ಸರಿಯಿರಲಿಲ್ಲ ಅಂತ ಬರೀರಿ."

ಮಿಲ್‌ನವರು ಅವನನ್ನು ಮೋಟರುಗಳ ಬಳಿಯಿಂದ ತೆಗೆದು ಸ್ಟೋರಿಗೆ ಹಾಕಿದರು. ನಟ್ಟು ಬೋಲ್ಟು ಎಣಿಸುವ ಕೆಲಸ. ಮೂರು ಗುರುವಾರ ಅವನು ಬರಲಿಲ್ಲ. ಅವಳು ಮೆಟ್ಟಿಲ ಮೇಲೆ ಒಬ್ಬಳೇ ಟೀ ಕುಡಿದಳು. ಕನ್ನಡಿ ಮುಂದೆ ನಿಂತು, ತುಟಿ ಕಚ್ಚದೆ ಬೆರಳು ಒತ್ತುವುದನ್ನು ರೂಢಿ ಮಾಡಿಕೊಂಡಳು. ಬರಲಿಲ್ಲ ಎಂಬ ಸಿಟ್ಟಿಗಿಂತ ಆ ಗಂಟು ದಿನದಿನವೂ ತಿನ್ನುತ್ತಿದೆ ಎಂಬ ದಿಗಿಲು ದೊಡ್ಡದಾಗಿತ್ತು.

ನಾಲ್ಕನೇ ವಾರ ಒಬ್ಬ ಹೆಂಗಸು ಅವನನ್ನು ತೋಳು ಹಿಡಿದು ಎಳೆದುಕೊಂಡು ಬಂದಳು. ಅವನ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು. "ಎಲ್ಲಿ ಸಹಿ ಹಾಕ್ಬೇಕು ತೋರ್ಸಿ. ಇವನು ಹಾಕ್ತಾನೆ. ಹಾಕದಿದ್ರೆ ನಾನು ಇವನ ಇನ್ನೊಂದು ಕಿವೀನೂ ಕಿತ್ತು ನಿಮ್ಮ ಟೇಬಲ್ ಮೇಲಿಡ್ತೀನಿ."

ಅವನು ಸಹಿ ಹಾಕಿದ.

ಆಪರೇಷನ್ ದಿನ ಬೆಳಿಗ್ಗೆ, ಹಸಿರು ಗೌನು ತೊಟ್ಟು ಮಂಚದ ಅಂಚಿಗೆ ಕೂತಿದ್ದ. ಬಲಗಿವಿಯ ಹಿಂದೆ ಕೂದಲು ಬೋಳಿಸಿದ್ದರು. ಅವಳು ಫೈಲು ಕೊಡುವ ನೆಪದಲ್ಲಿ ಹೋದಳು.

"ಅವತ್ತು ಮೆಟ್ಟಿಲ ಮೇಲೆ, ಮಾಸ್ಕ್ ಹಾಕ್ಕೊಂಡು ಏನಂದ್ರಿ?" ಎಂದು ಕೇಳಿದ.

"ಸೆಕೆ ಜಾಸ್ತಿ ಅಂದೆ."

"ಸುಳ್ಳು. ಸೆಕೆ ಅಂದವರು ಎದ್ದು ಹಾಗೆ ಮೇಲೆ ಕರ್ಕೊಂಡು ಹೋಗಲ್ಲ."

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಬೆಳಕಿಗೆ ಮುಖ ಒಡ್ಡಿ, ಧ್ವನಿಯೇ ಇಲ್ಲದೆ, ಒಂದೊಂದೇ ಅಕ್ಷರ ತುಟಿಯ ಮೇಲೆ ತಂದಳು. ನಂಗೆ ನೀವು ಬೇಕು.

ಅವನು ನೋಡಿದ. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಳ್ಳುಗಾಡಿ ಬಂತು. ನರ್ಸು ಅವನನ್ನು ಮಲಗಿಸಿ ಕರೆದೊಯ್ದಳು. ಅವಳ ಮಾತಿಗೆ ಉತ್ತರ ಬಾಕಿ ಉಳಿಯಿತು.

ಹೊರಗಿನ ಬೆಂಚಿನ ಮೇಲೆ ಅಕ್ಕ ಸೆರಗಿನ ತುದಿ ತಿರುಚುತ್ತ ಕೂತಿದ್ದಳು. "ಕೂತ್ಕೋಮ್ಮ. ನಂಗೆ ಸುಮ್ನಿರೋಕೆ ಬರಲ್ಲ, ಒಬ್ಳೇ ಮಾತಾಡಿದ್ರೆ ಜನ ಹುಚ್ಚಿ ಅಂತಾರೆ." ಅವಳು ಕೂತಳು. "ಮೂರನೇ ವರ್ಷಕ್ಕೇ ಸೋರೋಕೆ ಶುರುವಾಯ್ತು ಇವನ ಕಿವಿ. ಎಣ್ಣೆ ಬಿಡ್ತಿದ್ದೆ. ಹತ್ತಿ ತುರುಕಿ ಸ್ಕೂಲಿಗೆ ಕಳಿಸ್ತಿದ್ದೆ. ಬೆಳೀತಾ ಸರಿಹೋಗುತ್ತೆ ಅಂದ್ರು ಎಲ್ರೂ. ನಾನೂ ನಂಬಿದೆ. ಎಣ್ಣೆ ಬಿಡ್ಬಾರ್ದು ಅಂತ ಮೊನ್ನೆ ನಿಮ್ಮ ಮೇಡಂ ಹೇಳಿದ್ಮೇಲೇ ಗೊತ್ತಾಗಿದ್ದು."

"ನಿಮ್ಮ ತಪ್ಪಲ್ಲ ಅಕ್ಕ. ತಪ್ಪು ಮಾಡಿದ್ದು ನಾನು. ಐದು ತಿಂಗಳು ಹೋಯ್ತು ನನ್ನಿಂದ."

"ನೀನಾ? ಅದೂ ಹೇಳಿದಾನೆ." ಅಕ್ಕ ಅವಳನ್ನು ಓರೆಗಣ್ಣಿನಿಂದ ಅಳೆದಳು. "ನಿನ್ನ ತುಂಬಾ ನೋಡ್ತಾನೆ ಅಂತ ನೀನೂ ಮೋಸ ಹೋದ್ಯಾ? ಅವನು ಬಸ್ ಕಂಡಕ್ಟರನ್ನೂ ಹಾಗೇ ನೋಡ್ತಾನೆ ಕಣಮ್ಮ. ಒಂದ್ಸಲ ಒಬ್ಬ ಕಂಡಕ್ಟರು ಹೆದರಿ ಟಿಕೆಟ್ ಕೊಡೋದನ್ನೇ ಮರೆತಿದ್ದ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ತಾನು ಐದು ತಿಂಗಳು ಜತನ ಮಾಡಿದ್ದ ನೋಟ ಬಸ್ಸಿನಲ್ಲಿ ಎಲ್ಲರಿಗೂ ಸಿಗುವಂಥದ್ದು. ಸರಿ, ಅಂದುಕೊಂಡಳು. ಅವನು ನೋಡದೆ ಹೋದರೂ ತನಗೆ ಅವನು ಬೇಕು. ಇದಂತೂ ಅವನ ಕಿವಿಯ ಮೇಲೆ ನಿಂತ ವಿಷಯವಲ್ಲ. ಆದರೆ ಒಬ್ಬರಿಗೆ ಬೇಕೆನಿಸಿದರೆ ಸಂಸಾರವಾಗುವುದಿಲ್ಲ.

ಮೂರೂವರೆ ಗಂಟೆಯ ಮೇಲೆ ದೊಡ್ಡ ಮೇಡಂ ಹೊರಬಂದರು. "ಪೂರ್ತಿ ತೆಗೆದಿದ್ದೀನಿ. ಅಡಿಗಲ್ಲು ಉಳಿಯಲಿಲ್ಲ. ರಿಕಾಪು ಗಟ್ಟಿಯಿತ್ತು, ಅದರ ಮೇಲೇ ಕಂಬ ನಿಲ್ಲಿಸಿದೆ. ಎಷ್ಟು ಕೇಳುತ್ತೆ ಅಂತ ಮೂರು ತಿಂಗಳಾದ್ಮೇಲೇ ಗೊತ್ತಾಗೋದು."

ಎಚ್ಚರವಾದಾಗ ಮೇಡಂ ಅವನಿಗೆ ಸನ್ನೆ ಮಾಡಿ ನಗಿಸಿದರು. ಮುಖದ ನರ ನೆಟ್ಟಗಿದೆಯೇ ಎಂದು ನೋಡಬೇಕಲ್ಲ. ತಲೆತುಂಬ ಬ್ಯಾಂಡೇಜು ಸುತ್ತಿಕೊಂಡು ಅವನು ನಕ್ಕ. ತುಟಿಯ ಎರಡೂ ಕೊನೆ ಸಮನಾಗಿ ಮೇಲೆದ್ದವು. ಅವಳು ಬಾಗಿಲ ಹೊರಗೆ ಗೋಡೆಗೊರಗಿ ನಿಂತು ಮೂಗು ಸೀಟಿಕೊಂಡಳು.

ಮೂರು ತಿಂಗಳ ನಂತರದ ಪರೀಕ್ಷೆಯನ್ನು ಅವಳು ಮಾಡಲಿಲ್ಲ. ಪಕ್ಕದ ಊರಿನ ಆಸ್ಪತ್ರೆಯಿಂದ ಬಂದಿದ್ದ ಹಿರಿಯಳೊಬ್ಬಳ ಕೈಗೆ ಕೊಟ್ಟು ಹೊರಗೆ ಕೂತಳು. ಬಲಗಿವಿ ಮೂವತ್ತು. ಮೂಳೆಯ ಗೆರೆ ಅಲುಗಿರಲಿಲ್ಲ. ಪಿಸುಮಾತು ದಕ್ಕದು, ಎಡಗಿವಿ ಮೊದಲಿನಂತೆಯೇ, ಗದ್ದಲದಲ್ಲಿ ಕಷ್ಟ. ಆದರೆ ಮೂವತ್ತು. ಮಿಲ್‌ನವರು ಸೋಮವಾರದಿಂದ ಮೋಟರಿಗೆ ವಾಪಸ್ ಬಾ ಎಂದರು.

ಆ ಭಾನುವಾರ ಅಕ್ಕ ಅವಳನ್ನು ಮನೆಗೆ ಕರೆದಳು. ಊಟವಾದ ಮೇಲೆ ಅಕ್ಕ ಒಳಗೆ ಬಟ್ಟೆ ಮಡಚಲು ಹೋದಳು. ಅಡುಗೆಮನೆಯಲ್ಲಿ ಅವರಿಬ್ಬರೇ. ಅವನು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದ. ಬೆನ್ನು ಅವಳ ಕಡೆಗೆ.

"ಸೋಮವಾರ ಹೆದರಿಕೆ ಆಗ್ತಿದೆಯಾ?" ಎಂದು ಕೇಳಿದಳು. ಅಭ್ಯಾಸದಂತೆ ಅವನು ತಿರುಗಲಿ ಎಂದು ಕಾದಳು.

ಅವನು ತಿರುಗಲಿಲ್ಲ. "ಇಲ್ಲ. ಎಡಗಡೆ ಮೂಳೆಗೆ ಒತ್ತಿ ನೋಡಿದೆ. ಕೇಳುತ್ತೆ." ತಟ್ಟೆಯನ್ನು ನೀರಿಗೆ ಹಿಡಿದ.

"ಊಟಕ್ಕೆ ಮುಂಚೆಯಿಂದ ನೀವು ನನ್ನ ಕಡೆ ನೋಡೇ ಇಲ್ಲ."

"ಹೂಂ."

"ಈಗ ಅಗತ್ಯ ಇಲ್ಲ ಅಲ್ವಾ?"

"ಇಲ್ಲ" ಎಂದ. ಲೋಟ ತೊಳೆದು ಬೋರಲು ಹಾಕಿದ. "ಇಷ್ಟು ವರ್ಷದಲ್ಲಿ ಒಬ್ಬರಿಗೆ ಬೆನ್ನು ಹಾಕಿ ಮಾತಾಡಿದ್ದು ಇದೇ ಮೊದಲು. ಎಷ್ಟು ಆರಾಮು ಇದು! ನೀವೆಲ್ಲ ದಿನಾ ಹೀಗೇ ಇರ್ತೀರಾ?"

ಅವಳು ಟೇಬಲ್ಲಿನ ಮೇಲಿನ ನೀರಿನ ಕಲೆಯನ್ನು ಬೆರಳಿನಿಂದ ಎಳೆಯುತ್ತ ಕೂತಳು. ಅವನಿಗೆ ಆರಾಮಾಗಿದೆ. ಅದಕ್ಕೆ ಸಂತೋಷಪಡಬೇಕು. ಪಟ್ಟಳು ಕೂಡ; ಒಳಗೆಲ್ಲೋ ಚಳುಕ್ಕೆಂದಿತು, ಅದೂ ನಿಜ. "ಹಾಗಿದ್ರೆ ನಾನು ಹೊರಡ್ಲಾ?" ಎಂದಳು.

ಅವನು ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡು ಬಂದು ಎದುರಿಗೆ ಸ್ಟೂಲು ಎಳೆದು ಕೂತ.

"ತುಟಿ ಬಿಟ್ರೆ ನಿನ್ನಲ್ಲಿ ಬೇರೇನೂ ನೋಡಿಲ್ಲ ನಾನು" ಎಂದ. ನೀವು ಎಂಬುದು ಬಿದ್ದುಹೋದದ್ದನ್ನು ಇಬ್ಬರೂ ಗಮನಿಸಿದರು. "ಕಣ್ಣು ನೋಡಿದ್ರೆ ಮಾತು ತಪ್ಪಿಹೋಗುತ್ತಿತ್ತು. ಐದು ತಿಂಗಳು ಎದುರಿಗೆ ಕೂತಿದ್ದೀನಿ, ನಿನ್ನ ಹಣೆ ಹೇಗಿದೆ ಅಂತ ಕೇಳಿದ್ರೆ ಗೊತ್ತಿಲ್ಲ. ಅದು ನೋಡೋದಲ್ಲ, ಡ್ಯೂಟಿ. ಅವತ್ತು ನೀನು ಬೈದದ್ದು ಸರಿ."

"ನಾನು ಬೈದಿಲ್ಲ..."

"ಶ್. ಮಾತಾಡ್ಬೇಡ. ಮಾತಾಡಿದ್ರೆ ಕಣ್ಣು ಮತ್ತೆ ತುಟಿಗೆ ಹೋಗುತ್ತೆ, ಹಳೇ ಚಾಳಿ." ಅವನು ಮೊಣಕೈಗಳನ್ನು ಟೇಬಲ್ಲಿಗೆ ಊರಿ ಮುಂದಕ್ಕೆ ಬಾಗಿದ. "ಕೆಲಸ ಇಲ್ಲದೆ ನೋಡೋಕೆ ನಂಗೆ ಈಗ ಪುರುಸೊತ್ತಾಗಿದೆ. ಮದುವೆ ವಿಷಯ ಆಮೇಲೆ ಮಾತಾಡೋಣ. ಈಗ ಸುಮ್ನೆ ಕೂತ್ಕೋ."

ಅವಳು ಸುಮ್ಮನೆ ಕೂತಳು. ಅವನ ನೋಟ ಮೊದಲು ಹಣೆಗೆ ಹೋಯಿತು, ಹುಬ್ಬಿಗಿಳಿಯಿತು, ಎಡಗಣ್ಣಿನ ಪಕ್ಕದ ಚಿಕ್ಕ ಮಚ್ಚೆಯ ಬಳಿ ನಿಂತಿತು, ಆಮೇಲೆ ನೇರ ಕಣ್ಣಿಗೆ ಬಂತು. ಹೊಸದಾಗಿ ಓದು ಕಲಿತವನಂತೆ ತಡವರಿಸುತ್ತಿತ್ತು. ಅವಳ ಕಿವಿ ಬಿಸಿಯಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ.

"ಪಾತ್ರೆ ಆಯ್ತೇನೋ?" ಎಂದು ಒಳಗಿನಿಂದ ಅಕ್ಕ ಕೂಗಿದಳು.

ಇಬ್ಬರಿಗೂ ಕೇಳಿಸಿತು. ಇಬ್ಬರೂ ಓಗೊಡಲಿಲ್ಲ.